ಜಗಲಿ ಮ್ಯಾಲಿನ ಬೆಳ್ಳಿ ರೂಪಾಯಿಗೆ ಬೆಲಿ ಕಟ್ಟೂದು ಹೆಂಗ?

ಪ್ರಶ್ನೆ (ಹುಬ್ಬಳ್ಳಿ): ಸರ್, ದೇವರ ಜಗಲಿ ಮ್ಯಾಲೆ ಮೂರು ಬೆಳ್ಳಿ ರೂಪಾಯಿ ಅದಾವ್ರಿ. 1862ರ ವಿಕ್ಟೋರಿಯಾ, 1917ರ ಐದನೇ ಜಾರ್ಜ್, 1944ರ ಆರನೇ ಜಾರ್ಜ್. ಸರಾಫರು ತೂಕದ ಮ್ಯಾಲೆ ಕೇಳ್ತಾರ. ಗ್ರೇಡ್ ನೋಡೂದು ಹೆಂಗ? ಹುಣಸೇಹಣ್ಣು ಹಚ್ಚಿ ತಿಕ್ಕಿ ತೋರಿಸ್ಲೇನ್ರಿ?

ಉತ್ತರ: ಹುಣಸೇಹಣ್ಣು ಮುಟ್ಟಿಸಬ್ಯಾಡ್ರಿ, ದಯವಿಟ್ಟು. ಅಚ್ಚು ಒತ್ತಿದಾಗ ಬೆಳ್ಳಿ ಹರಿದು ಮೈಮ್ಯಾಲೆ ಭಾಳ ಸಣ್ಣ ಗೆರಿ ಮೂಡಿರ್ತಾವ. ಹೊಸಾ ನಾಣ್ಯ ದೀಪದ ಕೆಳಗ ಓರೆ ಹಿಡಿದು ತಿರುವಿದ್ರ ಬೆಳಕು ಗಾಲಿ ಕಡ್ಡಿಯಂಗ ಸುತ್ತೂದು ಆ ಗೆರಿಗಳಿಂದನ. ತಿಕ್ಕಿದ್ರ ಅವು ಅಳಿಸಿ ಹೋಗ್ತಾವ, ಮತ್ತ ಬರೂದಿಲ್ಲ. ಹಲ್ಲುಪುಡಿ, ಬೂದಿ ಇನ್ನೂ ಕೆಟ್ಟ. ಕಪ್ಪಾದ್ದಕ್ಕ ಸಂಗ್ರಹಕಾರರು ಕೊಡೂ ಬೆಲಿ ತಿಕ್ಕಿ ಬೆಳ್ಳಗ ಮಾಡಿದ್ದಕ್ಕ ಕೊಡೂದಿಲ್ಲ. ಕುಂಕುಮ ಮೆತ್ತಿದ್ರ ಡಿಸ್ಟಿಲ್ಡ್ ನೀರಾಗ ನೆನಸಿ, ಮೆತ್ತನ ಅರಿವಿ ಒತ್ತಿ ಒಣಗಿಸ್ರಿ, ಸಾಕು.

ಗ್ರೇಡ್ ಅಂದ್ರ ಮುಖ್ಯವಾಗಿ ಸವೆತದ ಲೆಕ್ಕ. ನಾಣ್ಯದ ಸ್ಥಿತಿಗೆ ಅಂಕ ಕೊಡೂ ಶೆಲ್ಡನ್ ಮಾಪನದಾಗ 1ರಿಂದ 70. 60 ಮತ್ತ ಅದರ ಮ್ಯಾಲಿಂದು ಚಲಾವಣೆ ಕಾಣದ್ದು. ನಮ್ಮ ಕಡೆ ವ್ಯಾಪಾರದಾಗ ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಯುಎನ್‌ಸಿ (ಚಲಾವಣೆ ಕಾಣದ್ದು) ಅಂತಾರ. ಉಬ್ಬಿದ ಜಾಗ ಮೊದಲ ಸವೀತೈತಿ. 10 ಪಟ್ಟು ದೊಡ್ಡದಾಗಿ ತೋರಿಸೂ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು 1917ರದ್ರಾಗ ಕಿರೀಟದ ಹರಳು, ಕಿವಿ, ನಿಲುವಂಗಿ ಮ್ಯಾಲಿನ ಆನಿ ನೋಡ್ರಿ. 1911ರಾಗ ಈ ಆನಿ ಹಂದಿಯಂಗ ಕಾಣ್ತೈತಿ ಅಂತ ಗದ್ದಲಾಗಿ 1912ಕ್ಕ ತಿದ್ದಿದ್ರು. ವಿಕ್ಟೋರಿಯಾದ್ರಾಗ ಹಣಿ ಮ್ಯಾಲಿನ ಕೂದಲಾ, ಕುಪ್ಪಸದ ಕಸೂತಿ. ಒಂದು ಎಚ್ಚರ: ಅಚ್ಚು ಗಟ್ಟಿ ಬೀಳದ ಜಾಗಾನೂ ಮಸಕು ಕಾಣ್ತೈತಿ, ಆದ್ರ ಅಲ್ಲಿ ಹೊಳಪು ಉಳಿದಿರ್ತೈತಿ. ಸವೆದದ್ದು ನುಣ್ಣಗ, ಬೂದು ಬಣ್ಣ.

ಬೆಲಿಗೆ ತಳ ಬೆಳ್ಳಿದು. ಮೂರೂ ತಲಾ 11.66 ಗ್ರಾಂ, ಮೊದಲಿನ ಎರಡರಾಗ 91.7%, ಅಂದ್ರ 10.69 ಗ್ರಾಂ ಬೆಳ್ಳಿ. 1944ರದ್ರಾಗ ಅರ್ಧ, 5.83 ಗ್ರಾಂ. 1917ರದ್ದು ಕೋಟಿಗಟ್ಟಲೆ ಬಂದೈತಿ, ಸವೆದಿದ್ರ ಬೆಳ್ಳಿ ರೇಟಿಗಿಂತ ಭಾಳ ಮ್ಯಾಲೆ ಹೋಗೂದಿಲ್ಲ. 1862ರದ್ದು ಅವಸರದಾಗ ಕೊಡಬ್ಯಾಡ್ರಿ: ಅದ ಇಸವಿ ಹಾಕಿ ಮುಂದ ಎಷ್ಟೋ ವರ್ಷ ಒತ್ತಿದ್ರು, ಹಿಂಬದಿ ಚುಕ್ಕಿ ಎಣಿಸಿ ಯಾವ ನಮೂನಿ ಅಂತ ಗುರುತಿಸ್ತಾರ, ಕೆಲವು ಅಪರೂಪ. ಅಂಚಿನ್ಯಾಗ ಕೊಂಡಿ ಬೆಸೆದ ಗುರುತಿದ್ರ ಮಾತ್ರ ಲೋಹದ ಬೆಲಿನ.

ಪ್ರಶ್ನೆ (ರಾಣೇಬೆನ್ನೂರು): ತೂಕ ಸರಿ ಇದ್ದೂ ನಕಲಿ ಇರ್ತಾವೇನ್ರಿ?

ಉತ್ತರ: ಇರ್ತಾವ. 0.01 ಗ್ರಾಂ ತೋರಿಸೂ ತಕ್ಕಡಿ ಮ್ಯಾಲೆ ನೀರಿನ ಲೋಟ ಇಟ್ಟು ಸೊನ್ನಿ ಮಾಡ್ರಿ. ನಾಣ್ಯಾನ ತೆಳ್ಳನ ದಾರಕ್ಕ ಕಟ್ಟಿ, ತಳ ಮುಟ್ಟದಂಗ ಪೂರ್ತಿ ಮುಳುಗಿಸ್ರಿ. 91.7% ಬೆಳ್ಳಿ ಇದ್ರ ತಕ್ಕಡಿ ಸುಮಾರು 1.13 ಗ್ರಾಂ ತೋರಸ್ತೈತಿ. 1.3 ಬಂದ್ರ ಒಳಗ ಬೆಳ್ಳಿ ಅಲ್ಲ. ಗಾಳಿಗುಳ್ಳಿ ಅಂಟಿದ್ರೂ ಲೆಕ್ಕ ತಪ್ಪತೈತಿ, ಅಲುಗಿಸಿ ಬಿಡ್ರಿ.

ಪ್ರಶ್ನೆ (ಗದಗ): ಲಕ್ಕುಂಡಿ ಹೊಲದಾಗ ಸಿಕ್ಕ ಗದ್ಯಾಣ (ಹಳೇ ಬಂಗಾರದ ನಾಣ್ಯ) ಅಂತ ಒಬ್ಬರು ತಂದಾರ. ತಗೋಬಹುದಾ?

ಉತ್ತರ: ಬ್ಯಾಡ್ರಿ. ಲಕ್ಕುಂಡಿಯೊಳಗ ಟಂಕಸಾಲಿ ಇತ್ತು, ಲೊಕ್ಕಿ ಗದ್ಯಾಣ ಹೆಸರಾಗಿತ್ತು, ಆ ಹೆಸರಿನ ಮ್ಯಾಲನ ಮೋಸ ನಡೀತೈತಿ. ಪರೀಕ್ಷೆಗೆ ಒಂದು ಖರೇ ಬಂಗಾರದ್ದು ಕೊಟ್ಟು, ಆಮ್ಯಾಲೆ ಗಂಟಿನ್ಯಾಗ ಹಿತ್ತಾಳಿ ತುಂಬ್ತಾರ. ಖರೇನ ನೆಲದಾಗ ಸಿಕ್ಕಿದ್ರ ಅದು ನಿಧಿ; ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸ್ಬೇಕು, ಮಾರೂದು-ಕೊಳ್ಳೂದು ಎರಡೂ ತಪ್ಪು.