ಕೆಳಗಿನ ಪದರದ ಇದ್ದಿಲಿಗೇ ಕಡಿಮೆ ವಯಸ್ಸು ಬಂದಿದೆ, ಎಲ್ಲಿ ತಪ್ಪಿರಬಹುದು?

ಎರೆಹೊಲ (ಕಲಬುರಗಿ):

ಎಲ್ಲರಿಗೂ ಶರಣು. ನಾನು ಸಂಶೋಧನಾ ವಿದ್ಯಾರ್ಥಿನಿ. ಸುರಪುರ ತಾಲ್ಲೂಕಿನ ಒಂದು ಹಾಳೂರ ದಿಬ್ಬದಲ್ಲಿ ಪರವಾನಗಿ ಪಡೆದು ನಡೆದ ಉತ್ಖನನದಲ್ಲಿ ಕೆಲಸ ಮಾಡಿದ್ದೇನೆ. ಸುತ್ತಲೂ ಎರೆಭೂಮಿ, ದಿಬ್ಬದ ಮೇಲೂ ತೊಗರಿ, ಜೋಳ ಬೆಳೆಯುತ್ತಾರೆ. ಒಂದೇ ಕಂದಕದ ಮೂರು ಇದ್ದಿಲಿನ ಮಾದರಿಗಳನ್ನು ಎಎಂಎಸ್ ವಿಧಾನದ (ಉಳಿದಿರುವ ಕಾರ್ಬನ್-14 ಪರಮಾಣುಗಳನ್ನು ನೇರವಾಗಿ ಎಣಿಸುವ) ಕಾಲನಿರ್ಣಯಕ್ಕೆ ಕಳುಹಿಸಿದ್ದೆವು. 55 ಸೆಂ.ಮೀ. ಆಳದ್ದು 2910 ± 30, 95 ಸೆಂ.ಮೀ. ಆಳದ್ದು 2460 ± 30, 140 ಸೆಂ.ಮೀ. ಆಳದ್ದು 410 ± 30 ವರ್ಷ ಎಂದು ವರದಿ ಬಂದಿದೆ.

ಕೆಳಗೆ ಹೋದಂತೆ ವಯಸ್ಸು ಹೆಚ್ಚಬೇಕಲ್ಲವೇ? ಇಲ್ಲಿ ಪೂರ್ತಿ ತಲೆಕೆಳಗಾಗಿದೆ. 140 ಸೆಂ.ಮೀ. ಆಳದಲ್ಲಿ ಸಿಕ್ಕಿದ್ದೆಲ್ಲ ಕಬ್ಬಿಣ ಯುಗದ ಕಪ್ಪು-ಕೆಂಪು ಮಡಕೆಯ ಚೂರುಗಳು. ಒಂದು ವಿಷಯ ಒಪ್ಪಿಕೊಳ್ಳಬೇಕು: ಆ ದಿನ ಅಲ್ಯೂಮಿನಿಯಂ ಹಾಳೆ ಮುಗಿದಿತ್ತು, ಆ ಮಾದರಿಯನ್ನು ಮಾತ್ರ ದಿನಪತ್ರಿಕೆಯ ತುಂಡಿನಲ್ಲಿ ಸುತ್ತಿದ್ದೆ. ಅದರಿಂದಲೇ ಹೀಗಾಯಿತೇ? ಮಣ್ಣಿನಲ್ಲಿ ಸುಣ್ಣದ ಹರಳುಗಳೂ ಬಹಳ ಇದ್ದವು. ಇನ್ನೊಂದು ಪ್ರಶ್ನೆ: ಈ ವರ್ಷದಿಂದ 2460 ಕಳೆದು ಕ್ರಿ.ಪೂ. ಇಷ್ಟು ಎಂದು ಬರೆಯಬಹುದೇ? ಎರಡು ವರ್ಷದ ಕೆಲಸ ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಬೀದರ್ ಕೋಟೆ:

ಮೊದಲನೆಯ ಮತ್ತು ಮೂರನೆಯ ಮಾದರಿಗಳ ಚೀಟಿ ಅದಲುಬದಲಾಗಿರಬೇಕು. ಅವೆರಡನ್ನು ಬದಲಿಸಿ ನೋಡಿ: 410, 2460, 2910. ಎಲ್ಲವೂ ಸಾಲಾಗಿ ಕುಳಿತುಬಿಡುತ್ತದೆ.

ಹದಿನಾಲ್ಕರ ಇಂಗಾಲ:

ಸಾಲು ಚೆನ್ನಾಗಿ ಕೂಡುತ್ತದೆ ಎಂಬುದಕ್ಕೇ ಇದನ್ನು ಒಪ್ಪಬಾರದು, ಪರೀಕ್ಷಿಸಬೇಕು. ಪರೀಕ್ಷೆಯ ದಾರಿ ವರದಿಯಲ್ಲೇ ಇರುತ್ತದೆ. ವಯಸ್ಸಿನ ಪಕ್ಕದಲ್ಲಿ ಕಾರ್ಬನ್-13ರ ಡೆಲ್ಟಾ ಮೌಲ್ಯ ಎಂದು ಒಂದು ಅಂಕಿ ಕೊಟ್ಟಿರುತ್ತಾರೆ, ಇಂಗಾಲದ ಈ ಭಾರದ ರೂಪ ಒಂದು ಮಾನದಂಡಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇದೆ ಎಂಬುದು ಅದರ ಅರ್ಥ. ಮರದ ಇದ್ದಿಲಾದರೆ ಅದು ಸಾವಿರಕ್ಕೆ ಮೈನಸ್ 25ರ ಆಸುಪಾಸಿನಲ್ಲಿ ಇರುತ್ತದೆ. ಜೋಳ, ಸಜ್ಜೆ, ನವಣೆ ಮತ್ತು ನಮ್ಮ ಬಿಸಿಲು ನಾಡಿನ ಬಹುಪಾಲು ಹುಲ್ಲುಗಳು ಬೇರೆ ಬಗೆಯಲ್ಲಿ ದ್ಯುತಿಸಂಶ್ಲೇಷಣೆ ನಡೆಸುವುದರಿಂದ ಮೈನಸ್ 12ರ ಹತ್ತಿರ ಬರುತ್ತವೆ. ಮೂರೂ ಮಾದರಿಗಳ ಮೌಲ್ಯ ಇಲ್ಲಿ ಹಾಕಿ. ಕಳುಹಿಸಿದ ಇದ್ದಿಲು ನೋಡಲು ಹೇಗಿತ್ತು ಎಂಬುದನ್ನೂ ಬರೆಯಿರಿ.

ಪತ್ರಿಕೆಯ ಚಿಂತೆ ಬಿಡಿ. ಲೆಕ್ಕ ಹಾಕಿ ತೋರಿಸುತ್ತೇನೆ. 2910 ವರ್ಷದ ಇದ್ದಿಲಿನಲ್ಲಿ ಮೂಲ ಕಾರ್ಬನ್-14ರ ಸುಮಾರು ನೂರಕ್ಕೆ 70 ಪಾಲು ಉಳಿದಿರುತ್ತದೆ. ಅದರೊಳಗೆ ನೂರಕ್ಕೆ ಒಂದು ಪಾಲು ಇಂದಿನ ಇಂಗಾಲ ಸೇರಿದರೆ ವಯಸ್ಸು 35 ವರ್ಷದಷ್ಟು ಮಾತ್ರ ಇಳಿಯುತ್ತದೆ. ನಿಮ್ಮ 140 ಸೆಂ.ಮೀ. ಮಾದರಿ ನಿಜವಾಗಿ 2500 ವರ್ಷದ್ದೇ ಆಗಿದ್ದು 410ಕ್ಕೆ ಇಳಿಯಬೇಕಾದರೆ, ಅದರ ಇಂಗಾಲದಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಸದಾಗಿರಬೇಕು. ಪತ್ರಿಕೆಯ ನಾರಿನಿಂದ ಅದು ಸಾಧ್ಯವೇ ಇಲ್ಲ. ಸುಣ್ಣದ ಹರಳೂ ಕಾರಣವಲ್ಲ. ಪ್ರಯೋಗಾಲಯದಲ್ಲಿ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುವಾಗಲೇ ಸುಣ್ಣ ನೊರೆ ಬಂದು ಕರಗಿಹೋಗುತ್ತದೆ. ಆಮೇಲೆ ಕ್ಷಾರದಲ್ಲಿ ತೊಳೆದು ಮಣ್ಣಿನ ಹ್ಯೂಮಿಕ್ ಆಮ್ಲ (ಕೊಳೆತ ಗಿಡಗಳಿಂದ ಬರುವ ಇಂಗಾಲದ ವಸ್ತು) ತೆಗೆಯುತ್ತಾರೆ, ಕೊನೆಗೆ ಮತ್ತೆ ಆಮ್ಲ. ಹಾಗಾಗಿ 410 ಎಂಬುದು ಕೆಟ್ಟುಹೋದ ಹಳೆಯ ಇದ್ದಿಲಿನ ವಯಸ್ಸಲ್ಲ. ಅದು ಬೇರೆಯೇ ಒಂದು ಇದ್ದಿಲಿನ ನಿಜವಾದ ವಯಸ್ಸು.

ಈ ವರ್ಷದಿಂದ ದಯವಿಟ್ಟು ಕಳೆಯಬೇಡಿ. ಈ ಅಂಕಿಗಳ ಎಣಿಕೆ 1950ರಿಂದ ಹಿಂದಕ್ಕೆ, ಅದೂ ಈ ವಿಧಾನವನ್ನು ರೂಪಿಸಿದ ಲಿಬ್ಬಿಯವರ 5568 ವರ್ಷದ ಹಳೆಯ ಅರ್ಧಾಯುಷ್ಯದ (ಕಾರ್ಬನ್-14 ಅರ್ಧಕ್ಕೆ ಇಳಿಯುವ ಅವಧಿಯ) ಲೆಕ್ಕದಲ್ಲಿ. ಈಗ ಗೊತ್ತಿರುವ 5730ಕ್ಕೆ ನೀವು ಬದಲಿಸಿಕೊಳ್ಳುವ ಅಗತ್ಯವಿಲ್ಲ, ಮರದ ಉಂಗುರಗಳಿಂದ ಕಟ್ಟಿದ ಇಂಟ್‌ಕ್ಯಾಲ್20 ವಕ್ರರೇಖೆಗೆ (ಕಾರ್ಬನ್ ವಯಸ್ಸನ್ನು ನಿಜವಾದ ವರ್ಷಕ್ಕೆ ಹೊಂದಿಸುವ ರೇಖೆ) ಹೋಲಿಸಿದಾಗ ಆ ವ್ಯತ್ಯಾಸ ತಾನೇ ಸರಿಹೋಗುತ್ತದೆ. ಆ ಹೋಲಿಕೆ ಮಾಡುವ ಆಕ್ಸ್‌ಕ್ಯಾಲ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. 2460 ± 30 ಹಾಕಿದರೆ ನಿಮಗೆ ಸುಮಾರು ಕ್ರಿ.ಪೂ. 760ರಿಂದ 420ರ ವರೆಗಿನ ಅಗಲವಾದ ಉತ್ತರ ಸಿಗುತ್ತದೆ. ಕ್ರಿ.ಪೂ. 800ರಿಂದ 400ರ ನಡುವೆ ಆ ರೇಖೆ ಚಪ್ಪಟೆಯಾಗಿದೆ, ನಾಲ್ಕು ಶತಮಾನದ ಇದ್ದಿಲು ಹೆಚ್ಚುಕಡಿಮೆ ಒಂದೇ ವಯಸ್ಸು ಹೇಳುತ್ತದೆ. ಇನ್ನಷ್ಟು ಹಣ ಕೊಟ್ಟು ± 30ನ್ನು ± 15ಕ್ಕೆ ಇಳಿಸಿದರೂ ಹೆಚ್ಚಿನ ಲಾಭವಿಲ್ಲ. ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿರುವುದರಿಂದ ಭೀಮಾ ತೀರದಲ್ಲಿ ಕ್ರಿ.ಪೂ. 3ನೇ ಶತಮಾನಕ್ಕೆ ಗಟ್ಟಿಯಾದ ಗೂಟವಿದೆ. ಅದರ ಹಿಂದಿನ ಕಬ್ಬಿಣ ಯುಗದ ಕೊನೆಯ ಭಾಗವೇ ಈ ಚಪ್ಪಟೆ ರೇಖೆಯಲ್ಲಿ ಸಿಕ್ಕಿಕೊಂಡಿದೆ ಎಂಬುದು ನನಗೆ ಯಾವಾಗಲೂ ನೋವಿನ ಸಂಗತಿ.

ಬೂದಿದಿಬ್ಬ (ಸುರಪುರ):

ತಂಗಿ, ನಾನು ಪ್ರಯೋಗಾಲಯದವನಲ್ಲ, ಮೂವತ್ತು ವರ್ಷ ಉತ್ಖನನಗಳಲ್ಲಿ ಮಣ್ಣು ಕೆರೆದವನು. ಎರೆಮಣ್ಣಿನ ವಿಷಯ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೊಲದ ಬಿರುಕಿಗೆ ಕೋಲು ಇಳಿಸಿದರೆ ಇಡೀ ಕೋಲು ಒಳಗೆ ಹೋಗುತ್ತದೆ. ಕೂಳೆ ಸುಟ್ಟ ಕರಿ, ಹುಲ್ಲು, ಮಡಕೆ ಚೂರು, ಎಲ್ಲವೂ ಅದರೊಳಗೆ ಬೀಳುತ್ತವೆ. ಮೃಗಶಿರಾ ಮಳೆ ಬಿದ್ದ ಕೂಡಲೇ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ನೋಡಿದವರಿಗೆ ಅಲ್ಲಿ ಬಿರುಕು ಇತ್ತೆಂದು ತಿಳಿಯುವುದೇ ಕಷ್ಟ. ನಿಮ್ಮ 140 ಸೆಂ.ಮೀ. ಮಾದರಿ ಒಲೆಯಿಂದ ತೆಗೆದದ್ದೇ, ಅಥವಾ ಬುಟ್ಟಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಹೆಕ್ಕಿದ್ದೇ?

ಮೇಲಿನ 2910ರ ಬಗ್ಗೆ ನನ್ನ ಅನುಮಾನ ಹಗೇವಿನ ಮೇಲೆ. ಮುಂದಿನ ಕಾಲದವರು ಕಾಳು ತುಂಬಲು ಹಗೇವು ತೋಡಿದರೆ ಕೆಳಗಿನ ಹಳೆಯ ಮಣ್ಣು ಮೇಲೆ ಬಂದು ಹರಡುತ್ತದೆ, ಅದರ ಜೊತೆ ಹಳೆಯ ಇದ್ದಿಲೂ ಬರುತ್ತದೆ. ಅಕ್ಕಪಕ್ಕದ ಕಂದಕದಲ್ಲಿ ದುಂಡನೆಯ ಸಡಿಲ ಮಣ್ಣು ಕಂಡಿತ್ತೇ? ಟಿಪ್ಪಣಿ ಪುಸ್ತಕ ತೆಗೆದು ನೋಡಿ.

ಹದಿನಾಲ್ಕರ ಇಂಗಾಲ:

ಅದಕ್ಕೆ ಸೇರಿಸಿ, ಹಳೆಯ ಮರದ ಸಮಸ್ಯೆಯೂ ಇದೆ. ಮರ ಬದುಕಿರುವಾಗಲೇ ಒಳಗಿನ ಉಂಗುರಗಳು ಗಾಳಿಯ ಹೊಸ ಇಂಗಾಲ ಪಡೆಯುವುದನ್ನು ನಿಲ್ಲಿಸಿರುತ್ತವೆ. ತೊಲೆಯ ತಿರುಳನ್ನು ಅಳೆದರೆ ಆ ಉಂಗುರ ಬೆಳೆದ ವರ್ಷ ಸಿಗುತ್ತದೆ, ಮನೆ ಸುಟ್ಟ ವರ್ಷ ಸಿಗುವುದಿಲ್ಲ. ಆದರೆ ಇಲ್ಲಿ 2910ಕ್ಕೂ 2460ಕ್ಕೂ ವ್ಯತ್ಯಾಸವೇ 450 ವರ್ಷ. ಅಷ್ಟನ್ನು ತಿರುಳೊಂದೇ ಕೊಡುವುದು ಅಪರೂಪ, ಬೂದಿದಿಬ್ಬ ಅಣ್ಣನವರ ಹಗೇವು ಹೆಚ್ಚು ನಂಬುವಂತಿದೆ.

ಎರೆಹೊಲ:

ಮೂರು ದಿನ ಕುಳಿತು ಎಲ್ಲವನ್ನೂ ನೋಡಿದೆ. ಡೆಲ್ಟಾ ಮೌಲ್ಯಗಳು ಕ್ರಮವಾಗಿ ಮೈನಸ್ 25.3, ಮೈನಸ್ 24.6, ಮೈನಸ್ 11.9. ಮೊದಲನೆಯದು ಹೆಬ್ಬೆರಳು ಗಾತ್ರದ, ಉಂಗುರ ಕಾಣುತ್ತಿದ್ದ ಮರದ ತುಂಡು. ಮೂರನೆಯದು ಅಣ್ಣ ಕೇಳಿದಂತೆ ತೇಲಿಸಿ ಹೆಕ್ಕಿದ ಚಿಕ್ಕ ಚೂರುಗಳು. ಆದ್ದರಿಂದ ಚೀಟಿ ಬದಲಾಗಿಲ್ಲ, ಮೂರನೆಯದು ಹುಲ್ಲು ಅಥವಾ ಜೋಳದ ದಂಟಿನ ಕರಿ. ಉತ್ತರ ಗೋಡೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಮೇಲಿನಿಂದ ಓರೆಯಾಗಿ ಇಳಿದ, ಎರಡು ಬೆರಳಗಲದ ಗೆರೆ ಕಂಡಿತು. ಮಾದರಿ ತೆಗೆದ ಜಾಗ ಅದರ ಬುಡದಲ್ಲೇ ಇದೆ. ಪಕ್ಕದ ಕಂದಕದ ಟಿಪ್ಪಣಿಯಲ್ಲಿ "ದುಂಡನೆಯ ಸಡಿಲ ಮಣ್ಣು" ಎಂದು ನಾನೇ ಬರೆದಿದ್ದೇನೆ, ಅದು ಹಗೇವು ಇರಬಹುದೆಂದು ಅಂದು ಹೊಳೆಯಲಿಲ್ಲ.

410 ಪ್ರಬಂಧಕ್ಕೆ ಸಂಬಂಧವಿಲ್ಲದ ಕಾಲ. ಅದನ್ನು ಬಿಟ್ಟು ಎರಡನ್ನೇ ಕೊಡಬಹುದೇ?

ಬೂದಿದಿಬ್ಬ (ಸುರಪುರ):

ಬಿಡಬೇಡ ತಂಗಿ. ಮೂರನ್ನೂ ಬರೆದು, ಬಿರುಕಿನ ಚಿತ್ರವನ್ನೂ ಹಾಕು. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿ ಕಡೆಯ ಗೋರಿಗಳನ್ನು ಅಗೆದಾಗ ಇಂಥ ಅಳತೆ ಇರಲೇ ಇಲ್ಲ, ಆದರೂ ಕಂಡದ್ದನ್ನು ಚಿತ್ರ ಬರೆದು ಇಟ್ಟದ್ದರಿಂದ ಇಂದಿಗೂ ಅವರ ಕೆಲಸ ನಮಗೆ ಬೇಕಾಗುತ್ತದೆ. ನಾಳೆ ಎರೆಭೂಮಿಯಲ್ಲಿ ಅಗೆಯುವವರಿಗೆ ನಿನ್ನ 410 ಬೇಕು.

ಹದಿನಾಲ್ಕರ ಇಂಗಾಲ:

ಮುಂದಿನ ಸಲ ಒಲೆಯೊಳಗಿನ ಸುಟ್ಟ ಕಾಳು ಹುಡುಕಿ. ಹುರುಳಿ, ಹೆಸರು ಒಂದೇ ವರ್ಷದ ಬೆಳೆ, ತಿರುಳಿನ ತೊಂದರೆ ಇಲ್ಲ. ಎಎಂಎಸ್‌ಗೆ ಕೆಲವು ಮಿಲಿಗ್ರಾಂ ಸಾಕು, ಹಲವು ಚೂರು ಬೆರೆಸಿ ಕಳುಹಿಸಬೇಡಿ.

ಎರೆಹೊಲ:

95 ಸೆಂ.ಮೀ. ಒಲೆಯ ಬೂದಿಯನ್ನು ಚೀಲದಲ್ಲಿ ಹಾಗೇ ಇಟ್ಟಿದ್ದೆವು. ಇಂದು ತೇಲಿಸಿದಾಗ ಸುಟ್ಟ ಹುರುಳಿಯ ಎರಡು ಕಾಳು ಸಿಕ್ಕವು. ಅಲ್ಯೂಮಿನಿಯಂ ಹಾಳೆಯಲ್ಲಿ ಬೇರೆ ಬೇರೆ ಸುತ್ತಿ, ಗಾಜಿನ ಸೀಸೆಯಲ್ಲಿ ಇಟ್ಟಿದ್ದೇನೆ. ಒಂದನ್ನು ಸೋಮವಾರ ಕಳುಹಿಸುತ್ತೇನೆ, ಇನ್ನೊಂದು ಇಲ್ಲೇ ಇರಲಿ.