ಟೊಮೆಟೊ ಬೇರಿನಲ್ಲಿ ಗಂಟೇ ಬರುತ್ತಿಲ್ಲ, ತಪ್ಪು ಹುಳುವಿನದಾ ಗಿಡದ್ದಾ?

ಕೊನೆವರ್ಷದವ: ಬಿಎಸ್ಸಿ ಅಗ್ರಿ ಓದುತ್ತಿದ್ದೇನೆ. ಬೇರುಗಂಟು ಜಂತುಹುಳು, ಅಂದರೆ ಮೆಲಾಯ್ಡೊಗೈನೆ ಇನ್‌ಕಾಗ್ನಿಟಾ, ಟೊಮೆಟೊ ಬೇರಿಗೆ ಹೇಗೆ ನುಗ್ಗುತ್ತದೆ ಅನ್ನುವುದು ಪ್ರಾಜೆಕ್ಟ್. ಬದನೆ ಬೇರಿನಿಂದ ಮೊಟ್ಟೆ ಬಿಡಿಸಿ, ಒಡೆದು ಬಂದ ಮರಿಗಳನ್ನು ಕುಂಡಕ್ಕೆ ಸುಮಾರು 1000ದಂತೆ ಹಾಕಿದೆ. ತಿಂಗಳಾಯಿತು. ಕಿತ್ತು ತೊಳೆದು ನೋಡಿದರೆ ಬೇರು ಬೆಳ್ಳಗೆ, ನುಣ್ಣಗಿದೆ. ಮಣ್ಣಿನ ತಾಪ 26 ಡಿಗ್ರಿ. ಡೋಸ್ ಜಾಸ್ತಿ ಮಾಡಲಾ?

ಕೆಮ್ಮಣ್ಣು: ಸುಮ್ನೆ ಡೋಸ್ ಏರಿಸಬೇಡಿ. ಮೊಟ್ಟೆ ಬಿಡಿಸುವಾಗ ಬ್ಲೀಚಿನಲ್ಲಿ ಎಷ್ಟು ಹೊತ್ತು ಅಲ್ಲಾಡಿಸಿದಿರಿ? 0.5% ಹೈಪೋಕ್ಲೋರೈಟ್‌ನಲ್ಲಿ 4 ನಿಮಿಷ ದಾಟಿದರೆ ಮರಿಗೆ ಪೆಟ್ಟು. ಮರಿಗಳ ವಯಸ್ಸೂ ನೋಡಬೇಕು. ಬೇರು ಸಿಗುವವರೆಗೆ ಅವು ಏನೂ ತಿನ್ನುವುದಿಲ್ಲ, ಮೈಯ ಕೊಬ್ಬೇ ಬುತ್ತಿ. ವಾರಗಟ್ಟಲೆ ನೀರಲ್ಲಿಟ್ಟರೆ ಬುತ್ತಿ ಖಾಲಿ.

ಕೊನೆವರ್ಷದವ: ಬ್ಲೀಚ್ 3 ನಿಮಿಷ, ಆಮೇಲೆ ಜರಡಿಯಲ್ಲಿ ಚೆನ್ನಾಗಿ ತೊಳೆದೆ. ಮರಿಗಳು ಎರಡು ದಿನದವು, ಚುರುಕಾಗಿ ಹೊರಳುತ್ತಿದ್ದವು.

ನೆಮಟೋಡ್ ಅಣ್ಣ: ಹಾಗಾದರೆ ಹುಳು ಒಳಗೆ ಹೋಗಿದೆಯಾ ಇಲ್ವಾ, ಅದನ್ನೇ ನೋಡಿ. ಹೊಸ ಸಸಿಗೆ ಹಾಕಿ, ಮೂರನೇ ದಿನ ಬೇರು ತೆಗೆಯಿರಿ. ತೆಳು ಬ್ಲೀಚಿನಲ್ಲಿ 4 ನಿಮಿಷ, ನೀರಲ್ಲಿ ಕಾಲು ಗಂಟೆ, ಆಸಿಡ್ ಫುಕ್ಸಿನ್ ಅನ್ನುವ ಕೆಂಪು ಬಣ್ಣದಲ್ಲಿ 30 ಸೆಕೆಂಡ್ ಕುದಿಸಿ. ಆಮೇಲೆ ಗ್ಲಿಸರಿನ್‌ನಲ್ಲಿ ಬಿಸಿ ಮಾಡಿದರೆ ಬೇರು ಬಣ್ಣ ಬಿಡುತ್ತದೆ, ಹುಳು ಕೆಂಪಾಗಿ ಉಳಿಯುತ್ತದೆ. ಬೇರಿನ ತುದಿಯ ಸ್ವಲ್ಪ ಹಿಂದೆ ಹುಡುಕಿ, ನುಗ್ಗುವುದು ಅಲ್ಲೇ. ಅಂದ ಹಾಗೆ, ಬೀಜ ಯಾವುದು?

ಕೊನೆವರ್ಷದವ: ನೋಡಿದೆ. ಹುಳು ಬೇಕಾದಷ್ಟಿವೆ! ಆದರೆ ತಲೆಯ ಹತ್ತಿರದ ಜೀವಕೋಶಗಳು ಕಂದು ತಿರುಗಿವೆ. ಬೀಜ ಅಂಗಡಿಯ ಹೈಬ್ರಿಡ್, ಪ್ಯಾಕೆಟ್ಟಿನ ಮೇಲೆ ವಿ, ಎಫ್, ಎನ್ ಅಂತಿದೆ.

ನೆಮಟೋಡ್ ಅಣ್ಣ: ಸಿಕ್ಕಿತಲ್ಲ! ಎನ್ ಅಂದರೆ ನೆಮಟೋಡ್, ಅಂದರೆ ಈ ಜಂತುಹುಳುವನ್ನೇ ತಡೆಯುವ ತಳಿ. ಕಾಡು ಟೊಮೆಟೊದಿಂದ ತಂದ ಎಂಐ ಜೀನ್ ಅದು. ಹುಳುವನ್ನು ಒಳಗೆ ಬಿಡುತ್ತದೆ, ಆದರೆ ಅದು ಊಟಕ್ಕೆ ಕೂತ ಜಾಗದ ಜೀವಕೋಶಗಳನ್ನೇ ಸಾಯಿಸಿ ಉಪವಾಸ ಕೆಡವುತ್ತದೆ. ಹುಳು ಊಟಕ್ಕೆಂದು ಊದಿಸಿಕೊಳ್ಳುವ ದೈತ್ಯಕೋಶವೇ ಆಗದಿದ್ದರೆ ಗಂಟು ಎಲ್ಲಿಂದ ಬರಬೇಕು? ಪೂಸಾ ರೂಬಿ ಟೊಮೆಟೊ ತಳಿ ಹಾಕಿ, ಅದಕ್ಕೆ ಈ ತಡೆ ಇಲ್ಲ. ಹೈಬ್ರಿಡ್ ಎಸೆಯಬೇಡಿ ಮತ್ತೆ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಪ್ರಾಜೆಕ್ಟ್ ಇನ್ನೂ ಗಟ್ಟಿ. ಮಣ್ಣು ಮಾತ್ರ 28 ಡಿಗ್ರಿ ದಾಟಬಾರದು. ದಾಟಿದರೆ ಆ ಜೀನ್ ಕೈಕೊಡುತ್ತದೆ.

ಕೆಮ್ಮಣ್ಣು: ಏಪ್ರಿಲ್‌ನಲ್ಲಿ ಪಾಲಿಹೌಸ್ ಕುಂಡ ಅದಕ್ಕಿಂತ ಬಿಸಿ ಇರುತ್ತದೆ, ಅಲ್ವಾ? ಥರ್ಮಾಮೀಟರ್ ಗಾಳಿಯಲ್ಲಿ ನೇತುಹಾಕಬೇಡಿ, ಬೇರಿನ ಆಳಕ್ಕೆ ಮಣ್ಣಲ್ಲಿ ಚುಚ್ಚಿ, ಮಧ್ಯಾಹ್ನ ಎರಡರ ಹೊತ್ತಿಗೆ ಓದಿ.