ಸರ್ವರ್ ಮುಚ್ಚಿದ ಮೇಲೆ ಸ್ಮಾರ್ಟ್ ಕ್ಯಾಮರಾ, ಪ್ಲಗ್‌ಗಳನ್ನು ಏನು ಮಾಡುವುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ಬ್ಯಾಂಕ್ ನೌಕರ, ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಮಲಾಪುರದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ತಂದೆ-ತಾಯಿ ಇಬ್ಬರೇ ಇರುವುದರಿಂದ 2021ರಲ್ಲಿ ಅಲ್ಲಿ ನಾಲ್ಕು ವೈಫೈ ಕ್ಯಾಮರಾ ಮತ್ತು ಎರಡು ಸ್ಮಾರ್ಟ್ ಪ್ಲಗ್ ಹಾಕಿಸಿದ್ದೆ. ಒಂದು ಪ್ಲಗ್ ಗೀಜರಿಗೆ, ಇನ್ನೊಂದು ಅಂಗಳದ ದೀಪಕ್ಕೆ. ಎಲ್ಲ ಸೇರಿ ಹದಿನಾರು ಸಾವಿರ ಚಿಲ್ಲರೆ ಖರ್ಚಾಗಿತ್ತು. ಕಳೆದ ತಿಂಗಳು ಆ್ಯಪ್ ತೆರೆದರೆ ಸೇವೆಯನ್ನು ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಬಿಟ್ಟು ಬೇರೇನೂ ಇರಲಿಲ್ಲ. ಕ್ಯಾಮರಾಗಳ ನೀಲಿ ದೀಪ ಈಗಲೂ ಮಿನುಗುತ್ತಿದೆ, ಚಿತ್ರ ಮಾತ್ರ ಬರುವುದಿಲ್ಲ. ಡಬ್ಬಿಯ ಮೇಲಿದ್ದ ಗ್ರಾಹಕ ಸೇವಾ ನಂಬರಿಗೆ ಕರೆ ಹೋಗುತ್ತಿಲ್ಲ. ಇವುಗಳಿಗೆ ಮತ್ತೆ ಜೀವ ಬರುವ ದಾರಿ ಇದೆಯೇ, ಹಣ ವಾಪಸ್ ಕೇಳಲು ಸಾಧ್ಯವೇ, ಹೊಸದಾಗಿ ತರುವುದಾದರೆ ಏನನ್ನು ನೋಡಿ ತರಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹುಮನಾಬಾದ್, ಖಾಸಗಿ ಕಂಪನಿ ನೌಕರ

ಸರ್, ಬೇರೆ ಏನು ಮಾಡಿದರೂ ಸರಿ, ಆ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾತ್ರ ಮಾಡಬೇಡಿ. ನಾನು ಮಾಡಿ ಕೆಟ್ಟೆ. ರೀಸೆಟ್ ಆದ ಉಪಕರಣ ಹೊಸದಾಗಿ ನೋಂದಣಿಯಾಗಲು ಅದೇ ಸರ್ವರನ್ನು ಹುಡುಕುತ್ತದೆ, ಮತ್ತು ಆ ಸರ್ವರೇ ಈಗ ಇಲ್ಲ. ಅದುವರೆಗೆ ಮನೆಯ ವೈಫೈಯನ್ನಾದರೂ ನೆನಪಿಟ್ಟುಕೊಂಡಿದ್ದ ನನ್ನ ಕ್ಯಾಮರಾ ಅದನ್ನೂ ಮರೆಯಿತು. ರೌಟರ್ ಬದಲಿಸುವ ಪ್ರಸಂಗ ಬಂದರೂ ಹೊಸ ರೌಟರಿಗೆ ಹಳೆಯ ವೈಫೈ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದಂತೆ ಕೊಡಿ.

ಸೂಪರ್ ಮಾರ್ಕೆಟ್ ಪ್ರದೇಶ, ಕಲಬುರಗಿ, ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ

ಮೇಲಿನವರು ಹೇಳಿದ ಮಾತು ಬಹಳ ಮುಖ್ಯವಾದದ್ದು. ನನ್ನ ಅಂಗಡಿಗೆ ಬರುವ ಇಂಥ ಉಪಕರಣಗಳಲ್ಲಿ ಹೆಚ್ಚಿನವು ರೀಸೆಟ್ ಆಗಿಯೇ ಬಂದಿರುತ್ತವೆ, ಆಮೇಲೆ ಕೈಯಾಡಿಸಲು ಉಳಿಯುವುದು ಕಡಿಮೆ.

ನಿಮ್ಮ ಉಪಕರಣ ಕೆಟ್ಟಿಲ್ಲ ಸರ್. ಕೋಣೆಯಲ್ಲಿ ಕುಳಿತು ಎದುರಿನ ಗೋಡೆಯ ಪ್ಲಗ್ಗನ್ನು ಫೋನಿನಿಂದ ಹಚ್ಚಿದರೂ ಆ ಆಜ್ಞೆ ನೇರವಾಗಿ ಗೋಡೆಗೆ ಹೋಗುವುದಿಲ್ಲ. ರೌಟರಿನಿಂದ ಹೊರಬಿದ್ದು, ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿ ನಿಮ್ಮ ಖಾತೆಯನ್ನು ತಾಳೆ ನೋಡಿಸಿಕೊಂಡು, ಅದೇ ರೌಟರಿಗೆ ಮರಳಿ ಬಂದು ಪ್ಲಗ್ಗನ್ನು ತಲುಪುತ್ತದೆ. ನೀವು ಹಣ ಕೊಟ್ಟದ್ದು ಒಂದು ಸಲ, ಆದರೆ ಕಂಪನಿಗೆ ಆ ಸರ್ವರಿನ ಖರ್ಚು ಪ್ರತಿ ತಿಂಗಳೂ ಇರುತ್ತದೆ. ಹೊಸ ಮಾರಾಟ ನಿಂತ ದಿನದಿಂದ ಹಳೆಯ ಗ್ರಾಹಕ ಅವರ ಲೆಕ್ಕದಲ್ಲಿ ಬರೀ ಖರ್ಚಿನ ಬಾಬತ್ತು.

ಇದು ಸಣ್ಣಪುಟ್ಟ ಕಂಪನಿಗಳ ಕಥೆ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ರಿವಾಲ್ವ್ ಎಂಬ ಮುನ್ನೂರು ಡಾಲರಿನ ಹಬ್, ಅಂದರೆ ಮನೆಯ ಸ್ಮಾರ್ಟ್ ಉಪಕರಣಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ ಇತ್ತು. ಆ ಕಂಪನಿಯನ್ನು ಗೂಗಲ್ಲಿಗೆ ಸೇರಿದ ನೆಸ್ಟ್ 2014ರಲ್ಲಿ ಕೊಂಡಿತು, 2016ರ ಮೇ ತಿಂಗಳಿನಲ್ಲಿ ಸೇವೆಯನ್ನು ಮುಚ್ಚಿತು, ಹಬ್ ಬರೀ ಡಬ್ಬಿಯಾಯಿತು. ಸ್ಮಾರ್ಟ್ ದೀಪ, ಸ್ವಿಚ್ ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ನಿಂತವು. ಅದರ ಬಳಕೆದಾರರದೇ ಒಂದು ಗುಂಪು ಎರಡು ತಿಂಗಳ ನಂತರ ಕಂಪನಿಯನ್ನು ಕೊಂಡು ಮತ್ತೆ ನಡೆಸಿದ್ದು ಅಪರೂಪದ ಸಂಗತಿ. ಇದಕ್ಕೆ ಬೇರೆ ಬಗೆಯ ಉದಾಹರಣೆಯೂ ಇದೆ: ಮನೆಯ ಬಿಸಿ-ತಂಪು ನಿಯಂತ್ರಿಸುವ ನೆಸ್ಟ್ ಥರ್ಮೋಸ್ಟಾಟ್‌ನ ಮೊದಲ ಎರಡು ತಲೆಮಾರುಗಳಿಗೆ 2025ರ ಅಕ್ಟೋಬರ್ 25ರಂದು ಆ್ಯಪ್ ಸಂಪರ್ಕ ಕಡಿದುಹೋದರೂ ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಅದು ಕೆಲಸ ಮಾಡುತ್ತದೆ. ಆ್ಯಪ್ ಹೋದ ಮೇಲೂ ಕೈಗೆ ಏನು ಉಳಿಯುತ್ತದೆ ಎಂಬ ಈ ವ್ಯತ್ಯಾಸವನ್ನೇ ನಾನು ಪ್ರತಿ ಗ್ರಾಹಕರಿಗೂ ತೋರಿಸುತ್ತೇನೆ.

ಈಗ ನಿಮ್ಮ ಕ್ಯಾಮರಾಗಳ ವಿಷಯ. ಅದೇ ವೈಫೈನಲ್ಲಿರುವ ಕಂಪ್ಯೂಟರಿನಲ್ಲಿ ರೌಟರಿನ ಪುಟ ತೆರೆದು ಕ್ಯಾಮರಾದ ಐಪಿ ವಿಳಾಸ (ವೈಫೈಯೊಳಗೆ ಅದನ್ನು ಗುರುತಿಸುವ ಸಂಖ್ಯೆ) ಬರೆದುಕೊಳ್ಳಿ. ಮಾಡೆಲ್ ನಂಬರ್ ಹುಡುಕಿ, ಅದು ಓನ್‌ವಿಫ್ ಅಥವಾ ಆರ್‌ಟಿಎಸ್‌ಪಿ ಬೆಂಬಲಿಸುತ್ತದೆಯೇ ನೋಡಿ. ಓನ್‌ವಿಫ್ ಎಂದರೆ ಬೇರೆ ಬೇರೆ ಕಂಪನಿಗಳ ಕ್ಯಾಮರಾ ಮತ್ತು ರೆಕಾರ್ಡರ್ ಒಂದಕ್ಕೊಂದು ಹೊಂದಿಕೊಳ್ಳಲೆಂದು 2008ರಲ್ಲಿ ಆರಂಭವಾದ ಒಂದು ಸಾಮಾನ್ಯ ಪದ್ಧತಿ. ಆರ್‌ಟಿಎಸ್‌ಪಿ ಎಂದರೆ ಕ್ಯಾಮರಾದ ಚಿತ್ರವನ್ನು ನೆಟ್‌ವರ್ಕಿನ ಮೂಲಕ ನೇರವಾಗಿ ಕಳಿಸುವ ಪದ್ಧತಿ. ಇವೆರಡರಲ್ಲಿ ಒಂದಿದ್ದರೆ ಕಂಪ್ಯೂಟರಿನ ಉಚಿತ ವಿಎಲ್‌ಸಿ ಪ್ಲೇಯರಿನಲ್ಲೇ ಚಿತ್ರ ನೋಡಬಹುದು, ಸಾಮಾನ್ಯ ಎನ್‌ವಿಆರ್‌ಗೂ (ನೆಟ್‌ವರ್ಕ್ ಕ್ಯಾಮರಾದ ಚಿತ್ರ ಬರೆದಿಡುವ ರೆಕಾರ್ಡರ್) ಜೋಡಿಸಬಹುದು. ಆದರೆ ಒಂದು ತೊಡಕು ಹೇಳಲೇಬೇಕು: ಕೆಲವು ಮಾಡೆಲ್‌ಗಳಲ್ಲಿ ಈ ಸೌಲಭ್ಯವನ್ನು ಆ್ಯಪ್ ಒಳಗಿನಿಂದಲೇ ಚಾಲೂ ಮಾಡಬೇಕಿರುತ್ತದೆ, ಮೊದಲೇ ಮಾಡಿಡದಿದ್ದರೆ ಈಗ ದಾರಿ ಇಲ್ಲ. ಕ್ಯಾಮರಾದೊಳಗೆ ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ತೆಗೆದು ನೋಡಿ, ಎಷ್ಟೋ ಕ್ಯಾಮರಾಗಳು ಸರ್ವರ್ ಸತ್ತರೂ ಕಾರ್ಡಿಗೆ ಬರೆಯುತ್ತಲೇ ಇರುತ್ತವೆ.

ಪ್ಲಗ್ ಒಳಗೆ ಇಎಸ್‌ಪಿ8266 ಎಂಬ ವೈಫೈ ಚಿಪ್ ಇದ್ದರೆ ಕಂಪನಿಯ ತಂತ್ರಾಂಶವನ್ನು ಅಳಿಸಿ ಟಾಸ್ಮೋಟಾ ಎಂಬ ಉಚಿತ ತಂತ್ರಾಂಶ ಹಾಕಬಹುದು. ಆಮೇಲೆ ಅದಕ್ಕೆ ಯಾವ ಸರ್ವರೂ ಬೇಡ, ಮನೆಯ ವೈಫೈನೊಳಗೇ ಕೆಲಸ ಮಾಡುತ್ತದೆ. ಇದನ್ನು ಮನೆಯಲ್ಲಿ ಪ್ರಯತ್ನಿಸುವವರು ಒಂದು ಮಾತು ನೆನಪಿಡಬೇಕು: ಪ್ಲಗ್ ಗೋಡೆಯಲ್ಲಿರುವಾಗ ಅದರ ಬೋರ್ಡಿಗೆ ಕಂಪ್ಯೂಟರಿನ ತಂತಿ ತಾಗಿಸಿದರೆ ಆ ತಂತಿಗೇ 230 ವೋಲ್ಟ್ ಬಂದು ಕೂರಬಹುದು. ಗೀಜರಿನ ಪ್ಲಗ್ಗನ್ನಂತೂ ಬಿಚ್ಚಿ ಮತ್ತೆ ಗೀಜರಿಗೇ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಆ ಕೆಲಸಕ್ಕೆ ಗೋಡೆಯ ಹದಿನಾರು ಆಂಪಿಯರಿನ ಸ್ವಿಚ್ಚೇ ಸಾಕು.

ಗುರುಮಠಕಲ್ ಕಡೆ, ಯಾದಗಿರಿ ಜಿಲ್ಲೆ, ರೈತ

ಮನೆಯ ಉಪಕರಣಗಳ ಅನುಭವ ನನಗಿಲ್ಲ, ಹೊಲದ್ದು ಇದೆ. ನಮ್ಮ ಎರಡು ಬೋರ್‌ವೆಲ್‌ಗಳಿಗೆ ಎರಡು ಬಗೆಯ ಮೊಬೈಲ್ ಸ್ಟಾರ್ಟರ್ ಇದ್ದವು. ಹಳೆಯದಕ್ಕೆ ಫೋನ್ ಮಾಡಿದರೆ ಮೋಟರ್ ಚಾಲೂ ಆಗುತ್ತದೆ, ಮೆಸೇಜ್ ಕಳಿಸಿದರೆ ಬಂದ್ ಆಗುತ್ತದೆ, ಅಷ್ಟೇ. ಹೊಸದು ಆ್ಯಪ್‌ನದು: ಎಷ್ಟು ಹೊತ್ತು ಓಡಿತು, ಎಷ್ಟು ಕರೆಂಟ್ ಎಳೆಯಿತು ಎಂಬುದನ್ನೆಲ್ಲ ಬಣ್ಣದ ಗೆರೆ ಎಳೆದು ತೋರಿಸುತ್ತಿತ್ತು. ಮೂರನೇ ವರ್ಷ ವಾರ್ಷಿಕ ಶುಲ್ಕ ಕಟ್ಟಲು ಹೋದರೆ ಹಣ ಪಡೆಯುವವರೇ ಇರಲಿಲ್ಲ, ಎರಡು ವಾರದಲ್ಲಿ ಆ್ಯಪ್ ಕೂಡ ನಿಂತಿತು. ತ್ರಿಫೇಸ್ ರಾತ್ರಿ ಒಂದು ಗಂಟೆಗೆ ಬಂದರೆ ಆ ಹೊಲಕ್ಕೆ ಮತ್ತೆ ಬ್ಯಾಟರಿ ಹಿಡಿದು ನಡೆದೇ ಹೋದೆ. ಹಾವು ಕಂಡ ಮೇಲೆ ಮರುದಿನವೇ ಫೋನ್ ಕರೆಯ ಸ್ಟಾರ್ಟರ್ ತಂದು ಕೂರಿಸಿದೆ.

ಹಾಗೆಂದು ಹಳೆಯದು ಶಾಶ್ವತ ಎಂದು ನಾನು ಹೇಳುವುದಿಲ್ಲ. ಅದರೊಳಗಿನ ಸಿಮ್ ನಡೆಯುವುದು 2ಜಿಯ ಮೇಲೆ. ಜಿಯೋದಲ್ಲಿ 2ಜಿ ಇಲ್ಲದ್ದರಿಂದ ಅದರ ಸಿಮ್ ಇಂಥ ಸ್ಟಾರ್ಟರ್‌ನಲ್ಲಿ ಓಡುವುದಿಲ್ಲ. ಮುಂದೊಂದು ದಿನ ಉಳಿದವರೂ 2ಜಿ ನಿಲ್ಲಿಸಿದರೆ ಇದಕ್ಕೂ ಅದೇ ಗತಿ. ಅದಕ್ಕಾಗಿಯೇ ಪೆಟ್ಟಿಗೆಯ ಮೇಲೆ ಹಸಿರು, ಕೆಂಪು ಗುಂಡಿ ಇರುವ ಸ್ಟಾರ್ಟರನ್ನೇ ತಂದೆ.

ಬೀದರ್, ವಕೀಲ

ಹಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನೀವು ವಸ್ತು ಕೊಂಡು ನಾಲ್ಕು ವರ್ಷ ಮೀರಿರುವುದರಿಂದ ಎದುರು ಪಕ್ಷದವರು ವಾರಂಟಿ ಮುಗಿದಿದೆ, ಅವಧಿಯೂ ಮೀರಿದೆ ಎಂದೇ ವಾದಿಸುತ್ತಾರೆ. ಸೇವೆ ನಿಂತ ದಿನವೇ ದೂರಿಗೆ ಕಾರಣ ಹುಟ್ಟಿದ ದಿನ ಎಂಬುದು ನಿಮ್ಮ ವಾದವಾಗಬೇಕು. ಆ ದಿನಾಂಕವನ್ನು ತೋರಿಸುವ ಆ್ಯಪ್ ಪರದೆಯ ಚಿತ್ರ ಅದಕ್ಕಾಗಿಯೇ ಬೇಕು. ಆ್ಯಪ್ ಫೋನಿನಿಂದ ತೆಗೆಯುವ ಮೊದಲೇ ಅದನ್ನು ತೆಗೆದಿಟ್ಟುಕೊಳ್ಳಿ. ಜೊತೆಗೆ ಬಿಲ್ಲು, ಮತ್ತು ಡಬ್ಬಿಯ ನಾಲ್ಕೂ ಬದಿಯ ಚಿತ್ರ. ಡಬ್ಬಿಯ ಮೇಲೆ ಎಲ್ಲಿಂದಲಾದರೂ ಮನೆಯನ್ನು ನೋಡಬಹುದು ಎಂದು ದೊಡ್ಡ ಅಕ್ಷರದಲ್ಲಿ ಇದ್ದು, ಎಷ್ಟು ವರ್ಷ ಎಂಬುದು ಎಲ್ಲಿಯೂ ಇಲ್ಲದಿದ್ದರೆ ಅದು ನಿಮ್ಮ ಪರವಾದ ಸಾಕ್ಷ್ಯ. ಕಂಪನಿ ಸಿಗದಿದ್ದರೆ ಡಬ್ಬಿಯ ಮೇಲೆ ಮುದ್ರಿತವಾಗಿರುವ ಆಮದುದಾರರನ್ನು ಮತ್ತು ಮಾರಿದವರನ್ನು ಸೇರಿಸಬಹುದು.

ಇದಕ್ಕಾಗಿ ಬೆಂಗಳೂರು, ದಿಲ್ಲಿ ಸುತ್ತಬೇಕಿಲ್ಲ. ದೂರುದಾರರು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಗೆಲುವು ಖಚಿತ ಎಂದು ನಾನು ಹೇಳಲಾರೆ. ಆದರೆ ಕೇಳಿದವರಿಗೆ ಏನಾದರೂ ಸಿಕ್ಕಿದ ಉದಾಹರಣೆಗಳಿವೆ: ಲಾಜಿಟೆಕ್ ಕಂಪನಿ, ಫೋನನ್ನೇ ಟಿವಿಯ ರಿಮೋಟ್ ಆಗಿಸುವ ತನ್ನ ಹಾರ್ಮನಿ ಲಿಂಕ್ ಉಪಕರಣ 2018ರ ಮಾರ್ಚ್‌ನಿಂದ ನಡೆಯುವುದಿಲ್ಲ ಎಂದು ಪ್ರಕಟಿಸಿದಾಗ ಗ್ರಾಹಕರು ಗಲಾಟೆ ಮಾಡಿದ್ದರಿಂದ ಎಲ್ಲರಿಗೂ ಹೊಸ ಹಬ್ ಉಚಿತವಾಗಿ ಕೊಡಲು ಒಪ್ಪಿತು, ಸಂಗೀತ ಸೇವೆಯ ಸ್ಪಾಟಿಫೈ, ಕಾರಿನಲ್ಲಿ ಹಾಡು ನಿಯಂತ್ರಿಸುವ ತನ್ನ ಕಾರ್ ಥಿಂಗ್ ಉಪಕರಣವನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸುವ ಮೊದಲು, ಖರೀದಿಯ ಪುರಾವೆ ತೋರಿಸಿದವರಿಗೆ ಹಣ ಮರಳಿಸಿತು. ಪುರಾವೆ ಇಟ್ಟುಕೊಂಡವರಿಗೆ ಎಂಬುದನ್ನು ಗಮನಿಸಿ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಥ ವಸ್ತು ತಯಾರಿಸುವವರು ಕನಿಷ್ಠ ಎಲ್ಲಿಯವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಎಂಬುದನ್ನು ಪ್ರಕಟಿಸಲೇಬೇಕೆಂಬ ನಿಯಮ ಬಂದಿದೆ. ಅಮೆರಿಕದ ವ್ಯಾಪಾರ ಆಯೋಗದ ಸಿಬ್ಬಂದಿ ಅದೇ ವರ್ಷ 184 ಉಪಕರಣಗಳ ಜಾಲತಾಣಗಳನ್ನು ಪರಿಶೀಲಿಸಿದಾಗ 163ರಲ್ಲಿ ಎಷ್ಟು ಕಾಲ ಅಪ್‌ಡೇಟ್ ಸಿಗುತ್ತದೆ ಎಂಬ ಮಾಹಿತಿ ಇರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಳಿದಾಗ ಉತ್ತರ ಸಿಗದಿದ್ದರೆ ಆಶ್ಚರ್ಯಪಡಬೇಡಿ, ಕೇಳುವುದನ್ನು ಮಾತ್ರ ಬಿಡಬೇಡಿ.

ಜೇವರ್ಗಿ ರಸ್ತೆ, ಕಲಬುರಗಿ, ಭೌತಶಾಸ್ತ್ರ ಉಪನ್ಯಾಸಕಿ

ನಮ್ಮ ಮನೆಯಲ್ಲಿ ಇಡೀ ವ್ಯವಸ್ಥೆ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶದ ಮೇಲೆ ನಡೆಯುತ್ತಿದೆ. 2013ರಲ್ಲಿ ಆರಂಭವಾದ ಈ ತಂತ್ರಾಂಶ ಮನೆಯೊಳಗಿನ ಒಂದು ಕಂಪ್ಯೂಟರಿನಲ್ಲೇ ಓಡುತ್ತದೆ, ಅಂದರೆ ಸರ್ವರ್ ನಮ್ಮ ಅಟ್ಟದ ಮೇಲೆಯೇ ಇದೆ. ನಾನು ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಬಳಸಿದ್ದೇನೆ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ದೀಪದ ರಿಲೇಗಳು (ಆಜ್ಞೆ ಬಂದಾಗ ಹಚ್ಚಿ ಆರಿಸುವ ಸಣ್ಣ ಸ್ವಿಚ್‌ಗಳು), ಟಾಕಿಯ ನೀರಿನ ಮಟ್ಟದ ಸೆನ್ಸರ್ ಎಲ್ಲವೂ ಜಿಗ್ಬಿ ಎಂಬ ಮನೆಯೊಳಗಿನ ರೇಡಿಯೋ ಪದ್ಧತಿಯವು, ಅವು ಇಂಟರ್‌ನೆಟ್ಟನ್ನು ಕೇಳುವುದೇ ಇಲ್ಲ.

ಆದರೆ ರಿಪೇರಿಯವರು ಹೇಳಿದಷ್ಟು ಸರಾಗವಾಗಿ ಇದನ್ನು ಎಲ್ಲರಿಗೂ ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಟಾಸ್ಮೋಟಾ ಇರಲಿ, ಇದಿರಲಿ, ಮನೆಯಲ್ಲಿ ಅದನ್ನು ಬಲ್ಲವರು ಒಬ್ಬರು ಇರಲೇಬೇಕು. ಮೌಲ್ಯಮಾಪನಕ್ಕೆಂದು ನಾನು ಹತ್ತು ದಿನ ಬೆಂಗಳೂರಿಗೆ ಹೋದಾಗ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಲು ಹೋಗಿ ನಿಂತುಬಿಟ್ಟಿತು, ಪಡಸಾಲೆಯ ದೀಪ ಹತ್ತಲಿಲ್ಲ. ಅವ್ವ ಫೋನ್ ಮಾಡಿ, "ಗುಂಡಿ ಒತ್ತಿದ್ರ ಹತ್ತೋ ಲೈಟಿಗಿ ಇಷ್ಟೆಲ್ಲಾ ಯಾಕ ಬೇಕಿತ್ತವ್ವಾ?" ಎಂದರು. ಅವರಿಗೆ ಕೊಡಲು ಉತ್ತರವಿರಲಿಲ್ಲ. ಊರಿಗೆ ಬಂದ ಮೊದಲ ಭಾನುವಾರ ಎಲೆಕ್ಟ್ರಿಷಿಯನ್ ಕರೆಸಿ, ಪ್ರತಿ ರಿಲೇಯನ್ನೂ ಗೋಡೆಯ ಸ್ವಿಚ್ಚಿನ ಹಿಂದೆ ಕೂರಿಸಿ, ಗುಂಡಿಯಿಂದಲೂ ಹತ್ತುವಂತೆ ಮಾಡಿಸಿದೆ. ವಯಸ್ಸಾದವರು ಮಾತ್ರ ಇರುವ ನಿಮ್ಮ ಹಳ್ಳಿಯ ಮನೆಗೆ ನನ್ನ ಸಲಹೆ ಇಷ್ಟೇ: ಕ್ಯಾಮರಾ ತಂತಿಯದಾಗಿರಲಿ, ರೆಕಾರ್ಡಿಂಗ್ ಮನೆಯಲ್ಲೇ ಇಡುವ ಡಿವಿಆರ್ ಎಂಬ ರೆಕಾರ್ಡರಿನ ಹಾರ್ಡ್‌ಡಿಸ್ಕಿನಲ್ಲಿರಲಿ, ಫೋನಿನಲ್ಲಿ ದೂರದಿಂದ ಕಾಣುವುದು ಹೆಚ್ಚುವರಿ ಸೌಲಭ್ಯ ಮಾತ್ರ ಎಂದಿಟ್ಟುಕೊಳ್ಳಿ.

ಸೂಪರ್ ಮಾರ್ಕೆಟ್ ಪ್ರದೇಶ, ಕಲಬುರಗಿ, ರಿಪೇರಿ ಅಂಗಡಿ

ಮೇಡಂ ಹೇಳಿದ್ದು ಸರಿ, ಒಪ್ಪುತ್ತೇನೆ. ಕೊಳ್ಳುವ ಮೊದಲಿನ ಪರೀಕ್ಷೆಯೊಂದನ್ನು ಬರೆಯಲು ಮರೆತಿದ್ದೆ. ಅಂಗಡಿಯವರಿಗೆ ಉಪಕರಣ ಚಾಲೂ ಮಾಡಿ ತೋರಿಸಲು ಹೇಳಿ, ಆಮೇಲೆ ರೌಟರ್ ಬಂದ್ ಮಾಡದೆ ಅದರ ಹಿಂದಿನ ಇಂಟರ್‌ನೆಟ್ ಕೇಬಲ್ ಒಂದನ್ನೇ ಕೀಳಿಸಿ, ನಿಮ್ಮ ಫೋನಿನ ಡೇಟಾ ಕೂಡ ಬಂದ್ ಮಾಡಿ. ಆಗಲೂ ಆ್ಯಪ್‌ನಲ್ಲಿ ಚಿತ್ರ ಬಂದರೆ, ಪ್ಲಗ್ ಹತ್ತಿ ಆರಿದರೆ ತನ್ನಿ. ಬರೀ ಚಕ್ರ ತಿರುಗುತ್ತಾ ನಿಂತರೆ ಅದು ಎಷ್ಟೇ ಸೋವಿ ಇದ್ದರೂ ಬಿಟ್ಟುಬಿಡಿ. ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬರುವುದೇ ಲೇಸು.

ಕೇಳಿದವರು: ಬ್ಯಾಂಕ್ ನೌಕರ, ಸೇಡಂ ರಸ್ತೆ, ಕಲಬುರಗಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ಅದೃಷ್ಟಕ್ಕೆ ನಾನು ರೀಸೆಟ್ ಮಾಡಿರಲಿಲ್ಲ. ನಾಲ್ಕು ಕ್ಯಾಮರಾಗಳಲ್ಲಿ ಹೊರಗಿನ ಎರಡು ಬೇರೆ ಮಾಡೆಲ್‌ನವಾಗಿದ್ದು, ಆರ್‌ಟಿಎಸ್‌ಪಿ ಚಾಲೂ ಇತ್ತು. ವಿಎಲ್‌ಸಿಯಲ್ಲಿ ನಮ್ಮ ಬೇವಿನ ಮರ ಮತ್ತು ಅದರ ಕೆಳಗೆ ಮಲಗಿದ್ದ ಆಕಳು ಕಾಣಿಸಿದಾಗ ನಿಜಕ್ಕೂ ಖುಷಿಯಾಯಿತು. ಒಳಗಿನ ಎರಡು ಕ್ಯಾಮರಾಗಳಿಗೆ ದಾರಿ ಸಿಗಲಿಲ್ಲ, ಕಾರ್ಡ್ ತೆಗೆದುಕೊಂಡು ಬದಿಗಿಟ್ಟಿದ್ದೇನೆ. ದೀಪದ ಪ್ಲಗ್ಗನ್ನು ರಿಪೇರಿ ಅಂಗಡಿಗೆ ಒಯ್ದರೆ ಒಳಗಿದ್ದದ್ದು ಬೇರೆ ಚಿಪ್. ಅಂಟು ಹಾಕಿದ ಮುಚ್ಚಳ ತೆಗೆಯುವಾಗ ಮೂಲೆ ಸೀಳಿದ್ದರಿಂದ ಅಲ್ಲಿಗೇ ಕೈಬಿಟ್ಟೆವು. ಗೀಜರಿಗೆ ಗೋಡೆಯ ಸ್ವಿಚ್ ಹಾಕಿಸಿದೆ.

1915 ಸಹಾಯವಾಣಿಯಲ್ಲಿ ದೂರು ಸಂಖ್ಯೆ ಸಿಕ್ಕಿದೆ, ಆಮದುದಾರರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹೋಗಿದೆ, ಉತ್ತರ ಬಂದಿಲ್ಲ. ಕಳೆದ ಶನಿವಾರ ಡಿವಿಆರ್ ಕೊಳ್ಳಲು ಹೋದಾಗ ಕೇಬಲ್ ಕೀಳುವಂತೆ ಕೇಳಿದೆ. ಮೊದಲ ಅಂಗಡಿಯವರು, "ಹಂಗೆಲ್ಲಾ ಯಾರೂ ನೋಡಂಗಿಲ್ರೀ ಸರ" ಎಂದು ನಕ್ಕರು. ಎರಡನೆಯವರು ತಾವೇ ಎದ್ದು ಹೋಗಿ ಕಿತ್ತರು, ಟಿವಿಯ ಮೇಲಿನ ಚಿತ್ರ ಅಲುಗಲಿಲ್ಲ. ಅದನ್ನೇ ತಂದಿದ್ದೇನೆ. ಬರುವ ರವಿವಾರ ಹಳ್ಳಿಯಲ್ಲಿ ಕೂರಿಸಬೇಕು.